ನೀರಿನ ಮೇಲೆ ನಿಲ್ಲದ ಹುಳ

ಮಂಗಳೂರು, ವಿಮಾನ ಹತ್ತುವ ಮೊದಲು

ಯಂತ್ರದ ಬಾಯಿಂದ ಹೊರಬಂದ ನನ್ನ ಕೈಚೀಲವನ್ನು ಭದ್ರತೆಯ ಅಧಿಕಾರಿ ಪಕ್ಕಕ್ಕೆ ಎಳೆದುಕೊಂಡರು. ಒಳಗಿದ್ದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದವರೇ ಕೂಡಲೇ ಮುಚ್ಚಿಬಿಟ್ಟರು.

"ಎಂತದಿದು?"

"ಹುಳ, ಸರ್."

"ಜೀವ ಉಂಟಾ?"

"ಇಲ್ಲ ಸರ್. ನಾವೇ ಮಾಡಿದ್ದು. ಮೀನು ಹಿಡಿಯಲಿಕ್ಕೆ."

ಅವರು ಧೈರ್ಯ ಮಾಡಿ ಮತ್ತೆ ತೆರೆದು, ಒಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಹಸಿರು ಮಿಶ್ರಿತ ಹಳದಿ ಮೈ, ಕಂದು ದಾರದ ಸುತ್ತು, ಕತ್ತಿನ ಸುತ್ತ ಬೂದಿ ಬಣ್ಣದ ಗರಿಯ ಚಕ್ರ, ಹಿಂದೆ ಮೂರು ಎಳೆ ಬಾಲ. "ಇದಕ್ಕೆ ಬಂಗುಡೆ ಬೀಳ್ತದಾ?" ಎಂದು ಕೇಳಿದರು.

"ಬಂಗುಡೆಗಲ್ಲ ಸರ್. ಅಲ್ಲಿಯ ಹೊಳೆಮೀನಿಗೆ."

"ಹೊಳೆಮೀನಿಗೆ ಇಷ್ಟು ಚಂದದ್ದು ಯಾಕೆ? ಒಂದು ಎರೆಹುಳ ಸಾಕಲ್ವಾ?"

ಹದಿನಾರು ವರ್ಷದಿಂದ ಆ ಹುಳಗಳನ್ನು ಕಟ್ಟುತ್ತಿದ್ದರೂ ಅವುಗಳನ್ನು ನುಂಗುವ ಮೀನನ್ನು ನಾನು ಕಂಡವಳಲ್ಲ. ಗಾಳ ಇರುವ ವಸ್ತು ವಿಮಾನದ ಒಳಗೆ ಹೋಗುವ ಹಾಗಿಲ್ಲವೆಂದು ಅವರು ಸಮಾಧಾನವಾಗಿಯೇ ಹೇಳಿದರು. ನಾನು ಹಿಂದಕ್ಕೆ ಓಡಿ ಕೈಚೀಲವನ್ನೇ ದೊಡ್ಡ ಸಾಮಾನಿನ ಜೊತೆ ಕಳುಹಿಸಿಬಿಟ್ಟೆ. ಓದಲು ತಂದ ಪತ್ರಿಕೆ, ಬಾಚಣಿಗೆ, ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿಯಂಥ ಪತ್ತಿರಿ ಎಲ್ಲ ಅದರಲ್ಲೇ ಹೋಯಿತು. ಪಾಸ್‌ಪೋರ್ಟ್ ಮತ್ತು ಫೋನನ್ನು ಒಂದು ಕ್ಯಾರಿಬ್ಯಾಗಿನಲ್ಲಿ ಹಿಡಿದುಕೊಂಡು, ಮೀನು ಮಾರ್ಕೆಟಿಗೆ ಹೊರಟವಳ ಹಾಗೆ ನಾನು ಬ್ರಿಟನ್ನಿಗೆ ಹೊರಟೆ.

ಪರ್ಕಳದ ಒಂಬತ್ತು ಮಂದಿ

ಯಾಕೆ ಹೊರಟೆನೆಂಬುದನ್ನು ಹೇಳಬೇಕು. ನನ್ನ ಹೆಸರು ನಫೀಸಾ, ತವರು ಕಾಪು. ಪರ್ಕಳದಲ್ಲಿ ಒಂದು ಟೈಲರ್ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ನಾವು ಒಂಬತ್ತು ಹೆಂಗಸರು ಕೂತು ಹುಳ ಕಟ್ಟುತ್ತೇವೆ. ಗಾಳದ ಮೇಲೆ ದಾರ ಮತ್ತು ಗರಿ ಸುತ್ತಿ ಕೀಟದ ರೂಪ ಕೊಡುವ ಕೆಲಸ ಅದು. ಮಣಿಪಾಲದಲ್ಲಿ ಕೆಲವು ವರ್ಷ ಇದ್ದ ಪರದೇಶದ ಒಬ್ಬರು ವಸಂತಿ ಅಕ್ಕನಿಗೆ ಕಲಿಸಿದ್ದು, ಅಕ್ಕ ನಮಗೆ ಕಲಿಸಿದ್ದು. ಹುಳಗಳಿಗೆ ನಮ್ಮಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ನನ್ನದು ನಂಬರ್ ಹದಿನೇಳು. ವೇಲ್ಸ್ ದೇಶದ ಒಂದು ಹಳ್ಳಿಯಲ್ಲಿ ಮೀನುಗಾಳದ ಅಂಗಡಿ ಇಟ್ಟಿರುವ ಗ್ವೆನ್ ಎಂಬ ಹೆಂಗಸು ಅದನ್ನು ವರ್ಷ ವರ್ಷವೂ ತರಿಸಿಕೊಳ್ಳುತ್ತಿದ್ದರು.

ನಂಬರ್ ಹದಿನೇಳು ನೀರಿನ ಮೇಲೆ ತೇಲಬೇಕಾದ ಹುಳ. ಹಾಗಾಗಿ ಅದರ ಕತ್ತಿಗೆ ಸುತ್ತುವ ಗರಿ ಬಲಿತ ಹುಂಜದ್ದೇ ಆಗಬೇಕು, ಕತ್ತಿನದ್ದೇ ಆಗಬೇಕು. ಬಜಗೋಳಿಯಲ್ಲಿ ದೂಮಣ್ಣ ಎಂಬ ಹಿರಿಯರು ಅಂಥ ಹುಂಜಗಳನ್ನು ಸಾಕುತ್ತಿದ್ದರು. ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಹೋಗಿ ಗರಿ ತರುವುದು ನನ್ನ ಪಾಲಿನ ಕೆಲಸ. ಮೂರು ವರ್ಷದ ಹಿಂದೆ ಒಂದು ಜುಲೈಯಲ್ಲಿ ಮಗಳಿಗೆ ಡೆಂಗ್ಯೂ ಆಯಿತು. ಬಜಗೋಳಿಗೆ ಹೋಗಲಾಗಲಿಲ್ಲ. ಕಾಪುವಿನಲ್ಲಿ ಚಿಕ್ಕಪ್ಪನ ಮಗನ ಕೋಳಿ ಅಂಗಡಿಯಿಂದ ಬೂದಿ ಬಣ್ಣದ ಗರಿ ಆರಿಸಿ, ಸಾಬೂನು ನೀರಲ್ಲಿ ತೊಳೆದು, ಒಣಗಿಸಿ ತಂದೆ. ಗರಿ ಮೆತ್ತಗಿತ್ತು. ಸುತ್ತಿದ ಹಾಗೆ ಸುತ್ತಿಕೊಳ್ಳುತ್ತಿತ್ತು. ಕಟ್ಟಿದ ಹುಳ ಮೊದಲಿಗಿಂತ ತುಪ್ಪುಳು ತುಪ್ಪುಳಾಗಿ ಇನ್ನೂ ಚಂದ ಕಂಡಿತು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮುಂದಿನ ತಿಂಗಳು ಮಗಳಿಗೆ ಗುಣವಾಗಿತ್ತು. ಆದರೂ ನಾನು ಕಾಪುವಿಗೇ ಹೋದೆ. "ಬಜಗೋಳಿಯದ್ದಲ್ವಾ?" ಎಂದು ವಸಂತಿ ಅಕ್ಕ ಕೇಳಿದಾಗ "ಹೌದು" ಎಂದೆ. ಒಮ್ಮೆ ಹೌದು ಎಂದ ಮೇಲೆ ಪ್ರತಿ ತಿಂಗಳೂ ಹೌದು ಎನ್ನುವುದು ಕಷ್ಟವಾಗಲಿಲ್ಲ.

ಹೋದ ವರ್ಷ ಗ್ವೆನ್ ಅವರಿಂದ ಕಾಗದ ಬಂತು. ಹುಳ ನಿಲ್ಲುತ್ತಿಲ್ಲ, ಎರಡು ಸಲ ಎಸೆದರೆ ಮಗುಚುತ್ತದೆ, ಮುಳುಗುತ್ತದೆ, ಮೀನು ಹಿಡಿಯುವವರು ಹಿಂದೆ ತಂದುಕೊಡುತ್ತಿದ್ದಾರೆ ಎಂದು. ಈ ವರ್ಷ ಅವರ ಊರಿನ ಮೀನುಗಾಳದ ಕ್ಲಬ್ಬಿನವರು ಒಂದು ದಾರಿ ಹುಡುಕಿದರು. ಮೇ ಕೊನೆಯಲ್ಲಿ ಅಲ್ಲಿ ಹುಳ ಏಳುವ ಕಾಲ. ಆಗ ಕಟ್ಟುವವರೇ ಬರಲಿ, ಹೊಳೆ ನೋಡಲಿ, ಶನಿವಾರದ ಸಭೆಯಲ್ಲಿ ಎಲ್ಲರ ಎದುರು ಒಂದು ಕಟ್ಟಿ ತೋರಿಸಲಿ. ಸರಿಹೋದರೆ ಸರಿ. ಇಲ್ಲವಾದರೆ ಇನ್ನು ಬೇಡ. ಬಿಡಿ ಗರಿ ತರಬೇಡಿ, ಇಲ್ಲಿಯ ಕಾನೂನು ಬಿಡುವುದಿಲ್ಲ ಎಂದೂ ಬರೆದಿದ್ದರು.

ವಸಂತಿ ಅಕ್ಕನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. "ನೀನೇ ಹೋಗು ಮಾರಾಯ್ತಿ. ಹದಿನೇಳನ್ನು ನಿನ್ನಷ್ಟು ಚಂದ ಯಾರು ಕಟ್ತಾರೆ?" ಎಂದರು. ಆ ಮಾತು ಕೇಳಿ ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ನಾಚಿಕೆಯೆಂದು ಅವರು ತಿಳಿದುಕೊಂಡರು.

ಸೋಮವಾರ, ತಪ್ಪಿದ ಸ್ಟಾಪು

ವೇಲ್ಸಿನಲ್ಲಿ ಪ್ರತಿ ಊರಿಗೂ ಎರಡು ಹೆಸರು. ಮನೆಯ ಭಾಷೆಯಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು. ಬೋರ್ಡಿನಲ್ಲಿ ಎರಡೂ ಇರುತ್ತವೆ. ಇದು ನಮಗೆ ಹೊಸತಲ್ಲ. ಉಡುಪಿಯನ್ನು ಒಡಿಪು ಎಂದೂ ಕಾರ್ಕಳವನ್ನು ಕಾರ್ಲ ಎಂದೂ ಕೇಳುತ್ತಲೇ ಬೆಳೆದವರು ನಾವು. ಆದರೆ ಬಸ್ಸಿನ ಡ್ರೈವರ್ ಸ್ಟಾಪಿನ ಹೆಸರನ್ನು ಮನೆಯ ಭಾಷೆಯಲ್ಲಿ ಕೂಗಿದ. ನನ್ನ ಚೀಟಿಯಲ್ಲಿದ್ದದ್ದು ಇಂಗ್ಲಿಷ್ ಹೆಸರು. ಯಾವುದೋ ಒಂದು ಹೆಸರು ಸ್ವಲ್ಪ ಹೋಲಿತೆಂದು ಇಳಿದುಬಿಟ್ಟೆ. ಬಸ್ಸು ಹೋಯಿತು. ಸುತ್ತ ಕಲ್ಲಿನ ಗೋಡೆ, ಹುಲ್ಲು, ನೂರಾರು ಕುರಿ. ಸಣ್ಣ ಮಳೆ. ನಮ್ಮ ಮಳೆ ಬಂದರೆ ಬಂದೆ ಎಂದು ಹೇಳಿ ಬರುತ್ತದೆ. ಇದು ಒದ್ದೆಯಾದ ಮೇಲೆ ತಿಳಿಯುವಂಥ ಮಳೆ.

ಅರ್ಧ ಗಂಟೆಯ ನಂತರ ಕುರಿ ಸಾಕುವ ಹೆಂಗಸೊಬ್ಬರು ಜೀಪು ನಿಲ್ಲಿಸಿದರು. ನಾನು ಗ್ವೆನ್ ಹೆಸರು ಹೇಳಿದೆ. "ಓ, ಹುಳದ ಹೆಂಗಸು ನೀವೇನಾ?" ಎಂದರು. ಊರಿಗೆಲ್ಲ ಸುದ್ದಿ ತಲುಪಿತ್ತು. ಹಿಂದಿನ ಸೀಟಿನಲ್ಲಿದ್ದ ಕುರಿಮರಿಯ ಪಕ್ಕ ಕೂತು ನಾನು ಗ್ವೆನ್ ಮನೆ ಸೇರಿದೆ.

ಗ್ವೆನ್ ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಮಾತು ಕಡಿಮೆ, ನಡಿಗೆ ಜೋರು. ಕೆಳಗೆ ಅಂಗಡಿ, ಮೇಲೆ ಮನೆ. ನಮಾಜಿಗೆ ಯಾವ ದಿಕ್ಕು ಎಂದು ಅವರೇ ಫೋನಿನಲ್ಲಿ ನೋಡಿ, ಕಿಟಕಿಯ ಬಳಿಯ ಕುರ್ಚಿಯನ್ನು ಸರಿಸಿಕೊಟ್ಟರು. ಮನೆಯಲ್ಲಿದ್ದ ಇನ್ನೊಬ್ಬರೆಂದರೆ ಅವರ ತಂದೆ ಎಮ್ರಿಸ್. ಎಂಬತ್ತು ದಾಟುತ್ತಿರುವ, ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದರಂತೆ. ನಂಬರ್ ಹದಿನೇಳನ್ನು ಮೊದಲು ಕಟ್ಟಿದವರು ಅವರೇ ಎಂದು ಆ ದಿನವೇ ನನಗೆ ಗೊತ್ತಾದದ್ದು. ಆ ಊರಿನಲ್ಲಿ ಅದನ್ನು "ಎಮ್ರಿಸ್‌ನ ಹಸಿರು" ಎನ್ನುತ್ತಾರೆ. ಅವರು ನನಗೆ ಚಹಾದ ಕಪ್ಪು ಕೊಟ್ಟರು. ಕೈ ನಡುಗುತ್ತಿದ್ದುದರಿಂದ ಅರ್ಧ ಬಸಿಗೆ ಬಿತ್ತು. ಅವರು ಬಸಿಯನ್ನೇ ನನ್ನತ್ತ ಸರಿಸಿ ನಕ್ಕರು. "ಕಪ್ಪಿನಲ್ಲಿ ಬೇಕಾದರೆ ಕಪ್ಪಿನಲ್ಲಿ, ಬಸಿಯಲ್ಲಿ ಬೇಕಾದರೆ ಬಸಿಯಲ್ಲಿ."

ಅಪ್ಪ ಮಗಳು ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ನನ್ನತ್ತ ತಿರುಗಿದಾಗ ಇಂಗ್ಲಿಷ್, ಅದೂ ನಿಧಾನವಾಗಿ, ಒಂದೊಂದು ಪದವನ್ನೂ ಪೂರ್ತಿ ಉಚ್ಚರಿಸಿ. ನಾವು ಬ್ಯಾಂಕಿನಲ್ಲಿ ಕನ್ನಡ ಆಡುವ ಹಾಗೆಯೇ ಎನಿಸಿತು.

ಮಂಗಳವಾರ, ಹೊಳೆ

ಹೊಳೆಗೆ ಅವರು ಹೆಸರು ಹೇಳುತ್ತಿರಲಿಲ್ಲ. "ಅವೊನ್" ಎನ್ನುತ್ತಿದ್ದರು, ಹಾಗೆಂದರೆ ಹೊಳೆ ಎಂದಷ್ಟೇ ಅರ್ಥ. ಅಗಲದಲ್ಲಿ ನಮ್ಮ ಎಣ್ಣೆಹೊಳೆಯಷ್ಟಿತ್ತು. ನೀರು ಚಹಾದ ಬಣ್ಣದ್ದಾದರೂ ತಳದ ಕಲ್ಲುಗಳನ್ನು ಎಣಿಸಬಹುದಿತ್ತು.

ಎಮ್ರಿಸ್ ನನ್ನನ್ನು ದಡದ ಒಂದು ಮರದ ಬೊಡ್ಡೆಯ ಮೇಲೆ ಕೂರಿಸಿ, "ಕಾಯಬೇಕು" ಎಂದರು. ಮಧ್ಯಾಹ್ನ ಮೋಡ ಸ್ವಲ್ಪ ಸರಿದಾಗ ನೀರಿನ ಮೈಯಲ್ಲಿ ಏನೋ ಬಿರಿಯಿತು. ಒಂದು ಹುಳ, ನೀರೊಳಗಿನಿಂದ ಎದ್ದು, ತನ್ನ ಹಳೆಯ ಚರ್ಮದ ಮೇಲೇ ನಿಂತು ರೆಕ್ಕೆ ಬಿಡಿಸಿತು. ಆಮೇಲೆ ಇನ್ನೊಂದು. ಆಮೇಲೆ ಹೊಳೆಯ ತುಂಬ. ಹಸಿರು ಮಿಶ್ರಿತ ಹಳದಿ ಮೈ, ಕಂದು ಪಟ್ಟೆ, ಮೂರು ಎಳೆ ಬಾಲ. ನಾನು ಎದ್ದು ನಿಂತುಬಿಟ್ಟೆ. ಹದಿನಾರು ವರ್ಷ ನನ್ನ ಬೆರಳ ತುದಿಯಲ್ಲಿದ್ದದ್ದು ಹಾರುತ್ತಿತ್ತು.

ಒಂದು ನನ್ನ ತೋಳಿನ ಮೇಲೆ ಕೂತಿತು. ಭಾರವೇ ಇರಲಿಲ್ಲ.

"ಎರಡು ವರ್ಷ ಕೆಸರಿನಲ್ಲಿ ಇರುತ್ತದೆ," ಎಂದರು ಎಮ್ರಿಸ್. "ರೆಕ್ಕೆ ಬಂದ ಮೇಲೆ ಒಂದೆರಡು ದಿನ. ಅದಕ್ಕೆ ಬಾಯಿ ಸಹ ಇಲ್ಲ. ತಿನ್ನುವಷ್ಟು ಸಮಯವಿಲ್ಲವಲ್ಲ."

ನಮ್ಮಲ್ಲಿ ಮಳೆಗಾಲ ಶುರುವಾಗುವಾಗ ನೆಲದಿಂದ ಏಳುವ ಮಳೆಹುಳಗಳ ನೆನಪಾಯಿತು. ಬೆಳಗಾದರೆ ಜಗುಲಿ ತುಂಬ ಅವುಗಳ ರೆಕ್ಕೆ. ನಾವು ಗುಡಿಸಿ ಎಸೆಯುತ್ತೇವೆ. ಅವುಗಳನ್ನು ಹೀಗೆ ಕೂತು ನೋಡಿದ್ದು ನನಗೆ ನೆನಪಿಲ್ಲ.

ಅಷ್ಟರಲ್ಲಿ ಮೀನುಗಳು ಏಳತೊಡಗಿದವು. ಹುಳ ತೇಲಿಬರುತ್ತದೆ, ನೀರಿನಲ್ಲಿ ಒಂದು ಉಂಗುರ ಮೂಡುತ್ತದೆ, ಹುಳ ಇರುವುದಿಲ್ಲ. ಎಮ್ರಿಸ್ ನನ್ನ ಡಬ್ಬಿಯಿಂದ ಒಂದು ಹುಳ ತೆಗೆದು ದಾರಕ್ಕೆ ಕಟ್ಟಿದರು. ಕಟ್ಟಲು ಬಹಳ ಹೊತ್ತು ಬೇಕಾಯಿತು, ನಾನು ಕೈನೀಡಿದರೆ ತಲೆಯಲ್ಲಾಡಿಸಿದರು. ಉದ್ದದ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಎಸೆದರು. ನನ್ನ ಹುಳ ನೀರಿನ ಮೇಲೆ ಕೂತಿತು. ಒಂದು ಮಾರು ದೂರ ತೇಲಿತು. ನನ್ನ ಎದೆ ಹಗುರವಾಯಿತು. ಆಮೇಲೆ ಅದರ ಕತ್ತಿನ ಗರಿ ಒದ್ದೆ ಕೋಳಿಮರಿಯ ಹಾಗೆ ಮುದುಡಿ ಒಂದಕ್ಕೊಂದು ಅಂಟಿತು. ಹುಳ ಮೂಗು ಕೆಳಗೆ ಮಾಡಿ ವಾಲಿ ಮುಳುಗಿತು. ಸುತ್ತಲಿನ ನಿಜವಾದ ಹುಳಗಳು ಕಾಲಿನ ತುದಿಯಲ್ಲಿ ನಿಂತು, ನೀರನ್ನು ಮುಟ್ಟಿಯೂ ಮುಟ್ಟದೆ ಸಾಗುತ್ತಿದ್ದವು.

ಅವರು ಇನ್ನೊಂದು ಕಟ್ಟಿದರು. ಅದೂ ಹಾಗೆಯೇ. ಮೂರನೆಯದೂ.

ಎಮ್ರಿಸ್ ಕೋಲನ್ನು ಹುಲ್ಲಿನ ಮೇಲಿಟ್ಟು ನನ್ನ ಪಕ್ಕ ಕೂತರು. "ನಿಮ್ಮ ತಪ್ಪಲ್ಲ," ಎಂದರು. "ಗ್ವೆನ್‌ಗೆ ನಾನು ಈಗ ಹೇಳುವುದನ್ನು ತಿಳಿಸಬೇಡಿ. ನಿಮ್ಮ ಕೆಲಸ ಬಹಳ ಸುಂದರ. ನನ್ನ ಕೈ ನೋಡಿ, ಎರಡು ವರ್ಷದಿಂದ ಹೀಗೆ. ನಡುಗುವ ಕೈಯಿಂದ ಎಸೆದರೆ ಹುಳ ನೀರಿಗೆ ಅಪ್ಪಳಿಸುತ್ತದೆ. ಹೋದ ಬೇಸಿಗೆಯಲ್ಲಿ ನಾನು ಇಲ್ಲಿಗೆ ಬರುವುದನ್ನೇ ಬಿಟ್ಟೆ. ಬೇರೆಯವರಿಗೂ ಮುಳುಗುತ್ತದೆ ಎಂದರೆ, ಹುಳದ ರೂಪವೇ ಸರಿಯಿಲ್ಲವೇನೋ. ಆ ರೂಪವೂ ನನ್ನದೇ ತಾನೆ? ಎಮ್ರಿಸ್‌ನ ಕಾಲ ಮುಗಿಯಿತು ಎನ್ನುತ್ತಾರೆ ಕ್ಲಬ್ಬಿನಲ್ಲಿ. ಇರಬಹುದು."

ಇಂಗ್ಲಿಷ್ ಬರುವುದಿಲ್ಲ ಎಂಬ ನೆವ ನನಗೆ ಆ ಹೊತ್ತಿಗೆ ಬಹಳ ಉಪಯೋಗಕ್ಕೆ ಬಂತು. ಅವರು ನನ್ನ ಕೈ ತಟ್ಟಿ ಎದ್ದರು. ವಾಪಸ್ ಬರುವಾಗ ಹೊಲದ ಗೇಟುಗಳನ್ನು ಅವರೇ ತೆರೆದು, ನಾನು ದಾಟುವವರೆಗೂ ಹಿಡಿದು ನಿಲ್ಲುತ್ತಿದ್ದರು.

ಕಾಗದದಲ್ಲಿ ಬಂದ ದೂರು ಒಂದು ವಸ್ತುವಿನ ಬಗ್ಗೆ ಆಗಿತ್ತು. ಕಾಪುವಿನ ಕೋಳಿ ಅಂಗಡಿಯಿಂದ ನಾನು ಆರಿಸಿದ ಗರಿ ಏಳು ಸಮುದ್ರ ದಾಟಿ ಬಂದು ಒಬ್ಬ ಹಿರಿಯರಿಗೆ ತಮ್ಮ ಕೈಯ ಮೇಲಿದ್ದ ನಂಬಿಕೆಯನ್ನೇ ಕಳೆದಿತ್ತು.

ಬುಧವಾರ, ಅಡುಗೆಮನೆಯ ಮೇಜು

ಬೆಳಿಗ್ಗೆ ಗ್ವೆನ್ ಮೊಟ್ಟೆ ಬೇಯಿಸುತ್ತಿದ್ದರು. ಎಮ್ರಿಸ್ ಪತ್ರಿಕೆ ಓದುತ್ತಿದ್ದರು. ನಾನು ಇಬ್ಬರಿಗೂ ಕೂತುಕೊಳ್ಳಲು ಹೇಳಿದೆ. ನಸುಕಿನ ಸುಬಹಿ ನಮಾಜಿನ ನಂತರ ಕನ್ನಡದಲ್ಲಿ ಬರೆದು, ಇಂಗ್ಲಿಷಿಗೆ ಹೊಂದಿಸಿ, ಬಾಯಿಪಾಠ ಮಾಡಿಕೊಂಡಿದ್ದೆ. ಎರಡನೆಯ ವಾಕ್ಯಕ್ಕೇ ಮರೆಯಿತು. ಹೇಗೋ ಹೇಳಿದೆ. ಗರಿ ಬೇರೆ. ಮೂರು ವರ್ಷದಿಂದ ಬೇರೆ. ನಾನೇ ಬದಲಿಸಿದ್ದು. ನಮ್ಮ ಕೋಣೆ ನಡೆಸುವ ವಸಂತಿ ಅಕ್ಕನಿಗೂ ಸುಳ್ಳು ಹೇಳಿದ್ದೇನೆ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ನಿಮ್ಮ ಹುಳದಲ್ಲಿ ತಪ್ಪಿಲ್ಲ.

ಗ್ವೆನ್ ಒಲೆ ಆರಿಸಿದರು. "ನನ್ನ ಅಪ್ಪ ಒಂದು ಇಡೀ ಬೇಸಿಗೆ ಆ ಕುರ್ಚಿಯಲ್ಲಿ ಕೂತು ಕಳೆದರು," ಎಂದರು. "ಇಡೀ ಬೇಸಿಗೆ. ಅವರಿಗೆ ಇನ್ನೆಷ್ಟು ಬೇಸಿಗೆ ಉಳಿದಿವೆ ಎಂದು ನಿಮಗೆ ಗೊತ್ತಾ?" ಆಮೇಲೆ ಅಂಗಡಿಗೆ ಇಳಿದು ಹೋದರು. ಅವರ ಕಾಲಿನ ಸದ್ದು ಮೆಟ್ಟಿಲ ಕೊನೆಯವರೆಗೂ ಕೇಳಿಸಿತು.

ಎಮ್ರಿಸ್ ಹಿತ್ತಲಿಗೆ ಹೋದರು. ನಾನು ಒಬ್ಬಳೇ ಕೂತೆ. ಚೀಲ ಕಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟರು. ನುಸಿಗುಳಿಗೆಯ ವಾಸನೆ ಬಂತು. ಒಳಗೆ ಒಂದು ಹುಂಜದ ಕತ್ತಿನ ಗರಿ, ಚರ್ಮದ ಸಮೇತ ಒಣಗಿಸಿದ್ದು. ಬೂದಿ ಬಣ್ಣ, ಅಂಚಿನಲ್ಲಿ ಎಣ್ಣೆ ಸವರಿದಂಥ ಹೊಳಪು.

"ನನ್ನ ಕೊನೆಯ ಹುಂಜ. ನರಿ ತಿನ್ನುವ ಮೊದಲು ವಯಸ್ಸಾಗಿ ಸತ್ತ ಒಂದೇ ಒಂದು," ಎಂದರು. ಒಂದು ಗರಿ ಕಿತ್ತು, ಅದರ ಎಳೆಗಳ ತುದಿಯನ್ನು ತಮ್ಮ ಮೇಲ್ತುಟಿಗೆ ತಾಗಿಸಿದರು. ಆಮೇಲೆ ನನಗೆ ಕೊಟ್ಟು, "ತುಟಿಗೆ ತಾಗಿಸಿ" ಎಂದರು. ಚುಚ್ಚಿತು. ನನ್ನ ಹುಳದ ಗರಿಯನ್ನು ತಾಗಿಸಿದೆ. ಹತ್ತಿಯ ಹಾಗಿತ್ತು.

"ಚುಚ್ಚಿದರೆ ನಿಲ್ಲುತ್ತದೆ. ಅಷ್ಟೇ ಪಾಠ. ಕೂತುಕೊಳ್ಳಿ."

ಗಾಳವನ್ನು ಇಕ್ಕಳದಂಥ ಹಿಡಿಕೆಯಲ್ಲಿ ಬಿಗಿದೆ. ಮೇಣ ಸವರಿದ ದಾರವನ್ನು ಗಾಳದ ತೂತಿನ ಹತ್ತಿರದಿಂದ ಅದರ ಬಾಗಿನವರೆಗೆ ಸುತ್ತಿದೆ. ಬಾಲಕ್ಕೆ ಮೂರು ಎಳೆ, ಒಂದಕ್ಕೊಂದು ತಾಗದ ಹಾಗೆ ಬಿಡಿಸಿ. ಮೈಗೆ ಹಸಿರು ಹಳದಿ ಉಣ್ಣೆ, ತೆಳ್ಳಗೆ, ಮೇಲೆ ಕಂದು ದಾರದ ಪಟ್ಟೆ. ಇಲ್ಲಿಯವರೆಗೆ ನನ್ನ ಬೆರಳಿಗೆ ಕಣ್ಣು ಬೇಡ. ಆದರೆ ಗರಿಯ ದಂಟನ್ನು ಕಟ್ಟಿ ಸುತ್ತಲು ಹೊರಟರೆ ಅದು ನನ್ನ ಮಾತು ಕೇಳಲಿಲ್ಲ. ಎರಡನೆಯ ಸುತ್ತಿಗೆ ತಿರುಚಿಕೊಂಡು ಎಳೆಗಳೆಲ್ಲ ಹಿಂದಕ್ಕೆ ಮಲಗಿದವು. ಎರಡನೆಯ ಗರಿಯ ದಂಟು ಮುರಿಯಿತು. ಮೆತ್ತನೆಯದನ್ನು ಸುತ್ತಿ ಸುತ್ತಿ ನನ್ನ ಕೈಯೇ ಸೋಮಾರಿಯಾಗಿತ್ತು. ಅವರ ಕೊನೆಯ ಹುಂಜದ ಎರಡು ಗರಿ ಹಾಳು ಮಾಡಿದ್ದಕ್ಕೆ ನನಗೆ ಅಳು ಬಂತು.

"ಅವಸರ ಮಾಡುತ್ತಿದ್ದೀರಿ," ಎಂದರು ಎಮ್ರಿಸ್. "ಗರಿಯ ಹೊಳೆಯುವ ಬದಿ ಮುಂದಕ್ಕೆ. ಪ್ರತಿ ಸುತ್ತಿನ ನಂತರ ನಿಲ್ಲಿ. ಎಲ್ಲ ಎಳೆ ನೆಟ್ಟಗೆ ನಿಂತವಾ ನೋಡಿ. ಆಮೇಲೆ ಮುಂದಿನದ್ದು."

ಐದು ಸುತ್ತಿಗೆ ಅಷ್ಟೊಂದು ಹೊತ್ತು ನಾನು ಎಂದೂ ಹಾಕಿದವಳಲ್ಲ. ಗಂಟು ಬಿಗಿದು, ತಲೆಗೆ ಒಂದು ಹನಿ ವಾರ್ನಿಶ್ ಇಟ್ಟೆ. ಎಮ್ರಿಸ್ ಅದನ್ನು ಎತ್ತಿ ಮೇಜಿನ ಮೇಲೆ ಬೀಳಿಸಿದರು. ಹುಳ ಒಮ್ಮೆ ಕುಪ್ಪಳಿಸಿ, ಬಾಲ ಮತ್ತು ಗರಿಯ ತುದಿಗಳ ಮೇಲೆ ನೆಟ್ಟಗೆ ನಿಂತಿತು.

ಆ ಹುಂಜದ ಬಣ್ಣಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರಿತ್ತು. ಬಿಳಿಯದಕ್ಕೆ, ಕೆಂಪಿಗೆ, ಚುಕ್ಕೆಯದಕ್ಕೆ ಬೇರೆ ಬೇರೆ ಹೆಸರು. ನಮ್ಮ ತುಳುವಿನಲ್ಲೂ ಹಾಗೆಯೇ, ಬಿಳಿ ಹುಂಜ ಬೊಳ್ಳೆ, ಕೆಂಪಿನದು ಕೆಮ್ಮೈರೆ ಎಂದೆ. ಅವರು ಎರಡನ್ನೂ ಹೇಳಿ ನೋಡಿದರು. "ಬೊಳ್ಳೆ" ಎನ್ನುವಾಗಿನ ಳಕಾರ ಅವರ ನಾಲಿಗೆಗೆ ಸಿಗಲೇ ಇಲ್ಲ. ಅವರ ಭಾಷೆಯಲ್ಲಿ ಗಾಳಿ ಊದಿದಂತೆ ಬರುವ ಒಂದು ಲಕಾರ ನನ್ನ ನಾಲಿಗೆಗೂ ಸಿಗಲಿಲ್ಲ. ಹಾಗೆ ಲೆಕ್ಕ ಸಮವಾಯಿತು.

ಗ್ವೆನ್ ಮಾತ್ರ ಶುಕ್ರವಾರದವರೆಗೂ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. "ಊಟ ಇದೆ." "ಟವೆಲ್ ಅಲ್ಲಿದೆ." ನಾನು ಅಂಗಡಿಯ ನೆಲ ಗುಡಿಸಿದೆ. ಅವರು ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎಂದೂ ಹೇಳಲಿಲ್ಲ.

ಶನಿವಾರ, ಊರಿನ ಹಾಲ್

ಸಭೆಗೆ ಐವತ್ತು ಅರವತ್ತು ಮಂದಿ ಬಂದಿದ್ದರು. ಹೆಚ್ಚಿನವರು ಗಂಡಸರು, ಕಾಲಲ್ಲಿ ರಬ್ಬರ್ ಬೂಟು. ಹಾಲಿನ ಹಿಂದೆ ಚಹಾ, ಕೇಕು. ನಮ್ಮಲ್ಲಾದರೆ ಇಷ್ಟು ಜನ ಸೇರಿದ ಕಡೆ ಮೈಕಿಲ್ಲದೆ ಕೇಳುವುದಿಲ್ಲ. ಅಲ್ಲಿ ಚಮಚ ಕಪ್ಪಿಗೆ ತಾಗಿದ್ದೂ ಕೇಳುತ್ತಿತ್ತು.

ಹೊರಡುವ ಮೊದಲು ಎಮ್ರಿಸ್ ನನ್ನನ್ನು ಪಕ್ಕಕ್ಕೆ ಕರೆದಿದ್ದರು. "ಗರಿಯ ವಿಷಯ ಅಲ್ಲಿ ಹೇಳಬೇಕಾಗಿಲ್ಲ. ಕಟ್ಟಿ ತೋರಿಸಿ, ಸಾಕು."

ನಾನು ಕಟ್ಟಿದೆ. ಪ್ರತಿ ಸುತ್ತಿನ ನಂತರ ನಿಂತು, ಎಳೆ ನೋಡಿ, ಮುಂದುವರಿದೆ. ಹುಳವನ್ನು ಗಾಜಿನ ಬೋಗುಣಿಯ ನೀರಿಗೆ ಬಿಟ್ಟರು. ಅದು ನಿಂತಿತು. ನನ್ನ ಹಳೆಯದೊಂದನ್ನು ಪಕ್ಕಕ್ಕೆ ಬಿಟ್ಟೆ. ಬೆರಳಿಂದ ನೀರನ್ನು ಸ್ವಲ್ಪ ಕಲಕಿದೆ. ಹಳೆಯದು ವಾಲಿತು, ಹೊಸದು ನಿಂತೇ ಇತ್ತು. ಆಗ ನಾನು ಹೇಳಿದೆ. "ಎರಡೂ ಒಂದೇ ರೂಪ. ಎರಡೂ ಎಮ್ರಿಸ್ ಅವರದ್ದು. ಮುಳುಗಿದ್ದಕ್ಕೆ ನಾನು ಹಾಕಿದ್ದು ಕೆಟ್ಟ ಗರಿ. ಗೊತ್ತಿದ್ದೇ ಹಾಕಿದೆ. ಅವರ ತಪ್ಪಿಲ್ಲ. ಕ್ಷಮಿಸಿ."

ಎಷ್ಟು ಮಂದಿಗೆ ನನ್ನ ಇಂಗ್ಲಿಷ್ ಅರ್ಥವಾಯಿತೋ ಗೊತ್ತಿಲ್ಲ. ಆಗ ಗ್ವೆನ್ ಎದ್ದು ನಿಂತು ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು. ನಾನು ಹೇಳಿದ್ದಕ್ಕಿಂತ ಉದ್ದವಾಗಿತ್ತು. ಏನು ಸೇರಿಸಿದರೋ ಇವತ್ತಿಗೂ ನನಗೆ ತಿಳಿಯದು. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಎಮ್ರಿಸ್ ಕಡೆ ತಿರುಗಿ, ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ ಎಲ್ಲರೂ ಚಹಾಕ್ಕೆ ಎದ್ದರು. ಗ್ವೆನ್ ನನ್ನ ಕೈಗೆ ಒಂದು ತುಂಡು ಕೇಕು ಕೊಟ್ಟು, "ಮೊಟ್ಟೆ, ಬೆಣ್ಣೆ ಮಾತ್ರ. ನೀವು ತಿನ್ನಬಾರದ್ದೇನೂ ಹಾಕಿಲ್ಲ, ನಾನೇ ಮಾಡಿದ್ದು," ಎಂದರು.

ಅಲ್ಲಿ ಬೇಸಿಗೆಯ ಸಂಜೆ ಮುಗಿಯುವುದೇ ಇಲ್ಲ. ಆರು ಗಂಟೆಗೆ ಬಿಸಿಲು ನಮ್ಮ ನಾಲ್ಕು ಗಂಟೆಯ ಹಾಗೆ ಇತ್ತು. ಎಮ್ರಿಸ್ ಹೊಸ ಹುಳ ಕಟ್ಟಿಕೊಂಡು ಹೊಳೆಗೆ ಇಳಿದರು. ಕೈ ನಡುಗುತ್ತಿತ್ತು, ಕೋಲಿನ ತುದಿಯೂ ನಡುಗುತ್ತಿತ್ತು. ಹುಳ ಸ್ವಲ್ಪ ಜೋರಾಗಿಯೇ ನೀರಿಗೆ ಬಿತ್ತು. ಬಿದ್ದು, ಎದ್ದು ನಿಂತಿತು. ನಿಜವಾದ ಹುಳಗಳ ನಡುವೆ ಅದೂ ಒಂದಾಗಿ ತೇಲಿತು. ಯಾವುದು ನನ್ನದೆಂದು ಗುರುತು ತಪ್ಪಿದ ಕ್ಷಣದಲ್ಲಿಯೇ ಉಂಗುರ ಮೂಡಿತು.

ಬಂದ ಮೀನು ಮೊಳದುದ್ದ. ಬೆಣ್ಣೆಯ ಬಣ್ಣದ ಹೊಟ್ಟೆ, ಬದಿಗೆ ಕೆಂಪು ಚುಕ್ಕೆ. ಎಮ್ರಿಸ್ ಅದನ್ನು ನೀರಿನಲ್ಲೇ ಹಿಡಿದು, ಗಾಳ ಬಿಡಿಸಿ, ತಲೆಯನ್ನು ಹರಿವಿನ ಕಡೆ ತಿರುಗಿಸಿ ಹಿಡಿದುಕೊಂಡರು. ಆಮೇಲೆ ಕೈ ಬಿಟ್ಟರು.

ಕಾಪುವಿನಲ್ಲಿ ಬೆಳೆದವಳಿಗೆ ಇದು ಸುಲಭಕ್ಕೆ ಅರ್ಥವಾಗುವ ವಿಷಯವಲ್ಲ. "ತಿನ್ನದಿದ್ದರೆ ಹಿಡಿದದ್ದು ಯಾಕೆ?" ಎಂದು ಕೇಳಿಯೇಬಿಟ್ಟೆ. "ಅದಕ್ಕೆ ನೋವಾಗಲಿಲ್ವಾ?"

ಅವರು ಯೋಚಿಸಿದರು. "ಆಗಿರಬಹುದು. ನನ್ನ ಅಪ್ಪ ಹಿಡಿದದ್ದನ್ನೆಲ್ಲ ಮನೆಗೆ ತರುತ್ತಿದ್ದರು. ಹೊಳೆಯಲ್ಲಿ ಮೀನು ಕಡಿಮೆಯಾದ ಮೇಲೆ ನಾವು ಬಿಡಲು ಕಲಿತೆವು. ನಿಮ್ಮ ಪ್ರಶ್ನೆಗೆ ಇದು ಉತ್ತರವಲ್ಲ, ನನಗೆ ಗೊತ್ತು. ಎಂಬತ್ತು ವರ್ಷವಾದರೂ ಉತ್ತರ ಸಿಕ್ಕಿಲ್ಲ." ಹಾಗೆಂದವರು ನನ್ನ ಕಡೆ ನೋಡಲಿಲ್ಲ, ಮೀನು ಹೋದ ಕಡೆಯೇ ನೋಡುತ್ತಿದ್ದರು. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ನಾನು ಮತ್ತೆ ಕೇಳಲಿಲ್ಲ. ಆದರೆ ಪ್ರಶ್ನೆ ನನ್ನಲ್ಲಿ ಉಳಿದಿದೆ.

ವಾಪಸ್

ಊರು ತಲುಪಿದ ಮರುದಿನ ವಸಂತಿ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕ ಕಾಲು ಚಾಚಿ ಕೂತು ಕೇಳಿದರು. ನಾನು ಮುಗಿಸಿದ ಮೇಲೆ, "ಮಗುವಿಗೆ ಜ್ವರ ಅಂತ ಹೇಳಿದ್ರೆ ನಾನು ಬೇರೆಯವರನ್ನು ಕಳಿಸ್ತಿರಲಿಲ್ವಾ?" ಎಂದರು. ಅಷ್ಟೇ. ಆಮೇಲೆ ಕೋಣೆಯಲ್ಲಿ ನಾಲ್ಕು ತಿಂಗಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಬಜಗೋಳಿಗೆ ಹೋದರೆ ದೂಮಣ್ಣನ ಅಂಗಳದಲ್ಲಿ ಎರಡೇ ಹುಂಜ. "ನೀವು ಬರುವುದನ್ನು ಬಿಟ್ರಿ, ನಾನು ಸಾಕುವುದನ್ನು ಬಿಟ್ಟೆ," ಎಂದರು. ಬೈಯಲಿಲ್ಲ. ಹೊಸ ಮರಿ ಬೆಳೆದು, ಕತ್ತಿನ ಗರಿ ಬಲಿಯಲು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ನಂಬರ್ ಹದಿನೇಳನ್ನು ಕಳುಹಿಸಲಾಗದು ಎಂದು ಗ್ವೆನ್‌ಗೆ ಬರೆದೆವು. ಕಾಯುತ್ತೇನೆ ಎಂದು ಅವರು ಉತ್ತರಿಸಿದರು. ಆದರೆ ಕಾಯುವ ಕಾಲದಲ್ಲಿ ನಮ್ಮಲ್ಲಿ ಇಬ್ಬರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಅದು ನನ್ನಿಂದಾದದ್ದು. ಅವರಲ್ಲಿ ಒಬ್ಬಳು ಮಣಿಪಾಲದ ಬಸ್ಸಿನಲ್ಲಿ ಈಗಲೂ ಸಿಗುತ್ತಾಳೆ, ನಗುತ್ತಾಳೆ. ನಾನು ಕಿಟಕಿಯ ಕಡೆ ತಿರುಗುತ್ತೇನೆ.

ಮಳೆ ನಿಂತು ಎಣ್ಣೆಹೊಳೆ ತಿಳಿಯಾದ ಮೇಲೆ ಒಂದು ಭಾನುವಾರ ಉಳಿದ ಏಳು ಮಂದಿ ಅಜೆಕಾರಿನ ಕಡೆ ಹೊರಟೆವು. ವಸಂತಿ ಅಕ್ಕನೂ ಕೋಲೂರಿಕೊಂಡು ಬಂದರು. ದೂಮಣ್ಣ ಕೊಟ್ಟ ನಾಲ್ಕೇ ನಾಲ್ಕು ಬಲಿತ ಗರಿಯಲ್ಲಿ ನಾನು ಒಂದು ಸಣ್ಣ ಹುಳ ಕಟ್ಟಿದ್ದೆ. ಗಾಳದ ಮೊನೆಯನ್ನು ಕತ್ತರಿಸಿ ತೆಗೆದಿದ್ದೆ. ಬಿದಿರ ಕೋಲಿಗೆ ದಾರ ಕಟ್ಟಿ, ಬಂಡೆಯ ನೆರಳಿದ್ದ ಗುಂಡಿಗೆ ಎಸೆದೆ.

ಹುಳ ನೀರಿನ ಮೇಲೆ ನಿಂತಿತು. ನೆರಳಿನೊಳಗಿಂದ ಬೆರಳುದ್ದದ ಒಂದು ಬೆಳ್ಳಿಮೀನು ಎದ್ದು ಬಂದು, ಒಂದು ಸುತ್ತು ಹಾಕಿ, ಟಪ್ಪೆಂದು ಅದನ್ನು ಬಾಯೊಳಗೆ ಎಳೆದುಕೊಂಡಿತು. ಮೋಸ ತಿಳಿದು ಕೂಡಲೇ ಉಗುಳಿತು. ಹುಳ ಮತ್ತೆ ಮೇಲೆದ್ದು ನಿಂತಿತು.

ಉಳಿದವರೆಲ್ಲ ಕಿರುಚಿದರು. ವಸಂತಿ ಅಕ್ಕ ಮಾತ್ರ ಊರುಗೋಲನ್ನು ಬದಿಗಿಟ್ಟು, ನನ್ನ ಭುಜ ಹಿಡಿದು, ಆಪರೇಶನ್ ಆದ ಕಾಲನ್ನು ನಿಧಾನವಾಗಿ ಮಡಚಿ ನನ್ನ ಪಕ್ಕದ ಕಲ್ಲಿನ ಮೇಲೆ ಕೂತರು.

"ಇನ್ನೊಮ್ಮೆ ಹಾಕು ಮಾರಾಯ್ತಿ," ಎಂದರು.